ಕೌಟುಂಬಿಕ ಪ್ರಕರಣಕ್ಕೆ ವಕೀಲರನ್ನು ಆರಿಸುವುದು ಹೇಗೆ? ವಕಾಲತ್ತಿಗೆ ಸಹಿ ಹಾಕುವ ಮುನ್ನ ತಿಳಿದಿರಬೇಕಾದ್ದು

“ಒಳ್ಳೆಯ ಡಿವೋರ್ಸ್ ಲಾಯರ್ ಯಾರಾದರೂ ಇದ್ದರೆ ಹೇಳಿ” ಎಂದು ಕೇಳುವವರು ಬಹಳ. ಹೆಸರು ಸಿಕ್ಕ ಕೂಡಲೇ ಹೋಗಿ, ಕಷ್ಟ ಹೇಳಿಕೊಂಡು, ಮುಂಗಡ ಕೊಟ್ಟು, ತೋರಿಸಿದ ಕಡೆಯೆಲ್ಲ ಸಹಿ ಹಾಕಿ ಬರುವವರೂ ಅಷ್ಟೇ ಮಂದಿ. ವರ್ಷ ಕಳೆದರೂ ತಮ್ಮ ಹೆಸರಿನಲ್ಲಿ ಯಾವ ಕೋರ್ಟಿನಲ್ಲಿ ಏನು ಕೇಳಲಾಗಿದೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ. ಒಬ್ಬರ ಪ್ರಕರಣಕ್ಕೆ ಒಗ್ಗಿದ ವಕೀಲರು ಇನ್ನೊಬ್ಬರಿಗೆ ಒಗ್ಗುತ್ತಾರೆಂದು ಹೇಳಲಾಗದು. ಆದ್ದರಿಂದ ಈ ಲೇಖನದಲ್ಲಿ ಹೆಸರುಗಳಿಲ್ಲ. ಕರ್ನಾಟಕದ ಕೌಟುಂಬಿಕ ನ್ಯಾಯಾಲಯಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ನೀವೇ ಆರಿಸಿಕೊಳ್ಳುವ ದಾರಿಯನ್ನು ಹಂತ ಹಂತವಾಗಿ ಇಲ್ಲಿ ಹೇಳಿದ್ದೇವೆ.

ಮೊದಲೇ ಒಂದು ಮಾತು. ಮನೆಯಲ್ಲಿ ಈಗಲೇ ಹೊಡೆತ ಬಡಿತ ನಡೆಯುತ್ತಿದ್ದರೆ ವಕೀಲರನ್ನು ಹುಡುಕುತ್ತಾ ಕೂರಬೇಡಿ. 112ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ, ಸುರಕ್ಷಿತ ಜಾಗಕ್ಕೆ ಹೋಗಿ, ಸರ್ಕಾರಿ ಆಸ್ಪತ್ರೆಯಲ್ಲಿ ಗಾಯ ತೋರಿಸಿ ದಾಖಲೆ ಮಾಡಿಸಿ. ಉಳಿದದ್ದೆಲ್ಲ ಆಮೇಲೆ.

ಕೌಟುಂಬಿಕ ವಕೀಲರ ಕೆಲಸವೇನು?

ವಿಚ್ಛೇದನ, ಜೀವನಾಂಶ, ಮಕ್ಕಳ ಸುಪರ್ದಿ ಮತ್ತು ಭೇಟಿ, ಮದುವೆ ಅಸಿಂಧು ಎಂದು ಘೋಷಿಸುವುದು, ಕೌಟುಂಬಿಕ ಹಿಂಸೆಯ ಅರ್ಜಿ, ದತ್ತು, ಪಾಲಕತ್ವ ಇವು ಅವರ ಕ್ಷೇತ್ರ. ಅಣ್ಣತಮ್ಮಂದಿರ ಆಸ್ತಿ ವಿಭಾಗದ ದಾವೆ ಸಿವಿಲ್ ಕೋರ್ಟಿನದು. ಅದಕ್ಕೆ ಬೇರೆ ಅನುಭವ ಬೇಕು, ಎರಡನ್ನೂ ಒಬ್ಬರಿಗೇ ಒಪ್ಪಿಸಬೇಕೆಂದಿಲ್ಲ.

ಕೋರ್ಟಿನಲ್ಲಿ ವಾದ ಮಾಡುವುದೇ ವಕೀಲರ ಕೆಲಸ ಎಂದು ನೀವು ಅಂದುಕೊಂಡಿರಬಹುದು. ಕೌಟುಂಬಿಕ ಪ್ರಕರಣದಲ್ಲಿ ವಾದಕ್ಕಿಂತ ಬರವಣಿಗೆಯ ಕೆಲಸ ಹೆಚ್ಚು. ಯಾವ ಕಾಯ್ದೆಯಡಿ, ಯಾವ ಊರಿನಲ್ಲಿ ಅರ್ಜಿ ಹಾಕುವುದು, ಅರ್ಜಿಯಲ್ಲಿ ಏನು ಬರೆಯುವುದು, ಏನು ಬಿಡುವುದು, ತೀರ್ಪು ಬರುವವರೆಗೆ ಹೊಟ್ಟೆಪಾಡಿಗೆ ಯಾವ ಮಧ್ಯಂತರ ಅರ್ಜಿ ಹಾಕುವುದು, ರಾಜಿಯಾದರೆ ಷರತ್ತುಗಳನ್ನು ಹೇಗೆ ಬರೆಯುವುದು, ಇವುಗಳಲ್ಲೇ ಪ್ರಕರಣದ ಬಹುಪಾಲು ತೀರ್ಮಾನವಾಗುತ್ತದೆ. ಮೇಜು ಕುಟ್ಟಿ ಮಾತಾಡುವವರಿಗಿಂತ ನಿಮ್ಮ ಕಾಗದ ಓದುವವರು ಬೇಕು. ಈ ಲೇಖನದಿಂದ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಇನ್ನೊಂದು ವಿಷಯ ಅನೇಕರಿಗೆ ಹೊಸದು. ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ, 1984ರ 13ನೇ ಕಲಂ ಪ್ರಕಾರ ಈ ಕೋರ್ಟಿನಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಕಕ್ಷಿದಾರರ ಹಕ್ಕಲ್ಲ, ನ್ಯಾಯಾಲಯ ಕೊಡುವ ಅನುಮತಿ. ರೂಢಿಯಲ್ಲಿ ಈ ಅನುಮತಿ ಸುಲಭವಾಗಿ ಸಿಗುತ್ತದೆ. ಹಾಗಿದ್ದರೂ ಆಪ್ತ ಸಮಾಲೋಚನೆಗೆ, ಸಂಧಾನಕ್ಕೆ, ಸಾಕ್ಷಿ ಹೇಳುವುದಕ್ಕೆ ನೀವೇ ಬರಬೇಕು. “ಎಲ್ಲ ನಾನು ನೋಡಿಕೊಳ್ಳುತ್ತೇನೆ, ನೀವು ಬರುವುದೇ ಬೇಡ” ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಂತ 1: ನಿಮಗೆ ಬೇಕಾದ್ದು ಏನು, ಅದು ಯಾವ ಕೋರ್ಟಿನಲ್ಲಿ ಸಿಗುತ್ತದೆ

ವಕೀಲರನ್ನು ಹುಡುಕುವ ಮುಂಚೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ವಿಚ್ಛೇದನವೇ ಬೇಕೋ, ಬೇರೆ ಇದ್ದುಕೊಂಡು ಜೀವನಾಂಶ ಸಾಕೋ, ಮಗುವಿನ ವಿಷಯ ಮೊದಲೋ, ಒಡವೆ ವಾಪಸು ಬರಬೇಕೋ, ಇರುವ ಮನೆಯಿಂದ ಹೊರಹಾಕದಂತೆ ತಡೆ ಬೇಕೋ. ಒಂದೊಂದಕ್ಕೂ ದಾರಿ ಬೇರೆ.

ವಿಚ್ಛೇದನ ನಿಮ್ಮ ಮದುವೆ ಯಾವ ಕಾನೂನಿನಡಿ ಆಯಿತು ಎಂಬುದರ ಮೇಲೆ ನಿಂತಿದೆ. ಹಿಂದೂ, ಜೈನ, ಬೌದ್ಧ, ಸಿಖ್ಖರಿಗೆ ಹಿಂದೂ ವಿವಾಹ ಕಾಯ್ದೆ, 1955. ರಿಜಿಸ್ಟ್ರಾರ್ ಮುಂದೆ ವಿಶೇಷ ವಿವಾಹ ಕಾಯ್ದೆ, 1954ರಡಿ ಮದುವೆಯಾದವರಿಗೆ ಅದೇ ಕಾಯ್ದೆ. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ. ವಿಚ್ಛೇದನ ಕೇಳುವ ಮುಸ್ಲಿಂ ಮಹಿಳೆಗೆ 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆ. ಒಂದೇ ಉಸಿರಿನಲ್ಲಿ ಹೇಳುವ ತ್ರಿವಳಿ ತಲಾಖ್ 2019ರ ಕಾಯ್ದೆಯ ಪ್ರಕಾರ ಅಸಿಂಧು, ಅಪರಾಧವೂ ಹೌದು. ಹಿಂದೂ ಪದ್ಧತಿಯಲ್ಲಿ ಮದುವೆಯಾಗಿ, ನಂತರ ಉಪನೋಂದಣಿ ಕಚೇರಿಯಲ್ಲಿ ಬರೀ ನೋಂದಣಿ ಮಾಡಿಸಿದವರು ‘ರಿಜಿಸ್ಟರ್ ಮ್ಯಾರೇಜ್’ ಎಂದು ಹೇಳಿಬಿಡುವುದುಂಟು. ಪ್ರಮಾಣಪತ್ರ ತೆಗೆದು ಯಾವ ಕಾಯ್ದೆಯ ಹೆಸರಿದೆ ನೋಡಿ.

ಜೀವನಾಂಶ ಒಂದೇ ಬೇಕಿದ್ದರೆ ವಿಚ್ಛೇದನದ ಅರ್ಜಿ ಹಾಕಲೇಬೇಕೆಂದಿಲ್ಲ. ಹಳೆಯ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 125 ಎಂದು ಎಲ್ಲರ ಬಾಯಲ್ಲಿದ್ದ ಕಲಂ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ಇದು ಧರ್ಮಭೇದವಿಲ್ಲದೆ ಹೆಂಡತಿ, ಮಕ್ಕಳು, ತಂದೆತಾಯಿಗೆ ಅನ್ವಯಿಸುತ್ತದೆ. ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸು ತಲುಪಿದ 60 ದಿನಗಳಲ್ಲಿ ತೀರ್ಮಾನಿಸಲು ಸಾಧ್ಯವಾದಷ್ಟು ಯತ್ನಿಸಬೇಕೆಂದು ಕಾನೂನೇ ಹೇಳುತ್ತದೆ. ಬಹಳಷ್ಟು ಕಡೆ ಅದಕ್ಕಿಂತ ತಡವಾಗುತ್ತದೆ, ಆದ್ದರಿಂದಲೇ ಈ ಅರ್ಜಿಯನ್ನು ಮೊದಲ ದಿನವೇ ಜೊತೆಗಿಟ್ಟು ಸಲ್ಲಿಸಬೇಕು.

ಹಿಂಸೆ, ಮನೆಯಿಂದ ಹೊರದಬ್ಬುವುದು, ಒಡವೆ ಕಿತ್ತುಕೊಳ್ಳುವುದು ಇವಕ್ಕೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ. ಅರ್ಜಿ ಹೋಗುವುದು ಮ್ಯಾಜಿಸ್ಟ್ರೇಟ್ ಕೋರ್ಟಿಗೆ. ರಕ್ಷಣಾ ಆದೇಶ, ವಾಸದ ಆದೇಶ, ಹಣ, ಮಗುವಿನ ತಾತ್ಕಾಲಿಕ ಸುಪರ್ದಿ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು, ತುರ್ತಿದ್ದರೆ ಎದುರುದಾರರಿಗೆ ನೋಟಿಸಿಲ್ಲದೆಯೂ ಮಧ್ಯಂತರ ಆದೇಶ ಸಿಗಬಹುದು. ಈ ಅರ್ಜಿಗೆ ವಕೀಲರೇ ಬೇಕೆಂದಿಲ್ಲ. ರಕ್ಷಣಾಧಿಕಾರಿಯ ಮೂಲಕವೂ ಸಲ್ಲಿಸಬಹುದು. ತಾಲ್ಲೂಕಿನಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಒ ಕಚೇರಿಯಲ್ಲಿ ವಿಚಾರಿಸಿ.

ಇನ್ನು ಊರು. ಹಿಂದೂ ವಿವಾಹ ಕಾಯ್ದೆಯ ಅರ್ಜಿಯನ್ನು ಮದುವೆ ನಡೆದ ಊರು, ಎದುರುದಾರರು ಈಗ ಇರುವ ಊರು, ದಂಪತಿ ಕೊನೆಯದಾಗಿ ಒಟ್ಟಿಗಿದ್ದ ಊರು, ಇವುಗಳಲ್ಲಿ ಒಂದು ಕಡೆ ಹಾಕಬಹುದು. ಹೆಂಡತಿ ಅರ್ಜಿ ಹಾಕುವುದಾದರೆ ಆಕೆ ಈಗ ವಾಸವಿರುವ ಊರಿನಲ್ಲೂ ಆಗುತ್ತದೆ. ಇದು 2003ರ ತಿದ್ದುಪಡಿಯಿಂದ ಬಂದದ್ದು. ಬೆಂಗಳೂರಿನ ಗಂಡನ ಮನೆಯಿಂದ ಹುಬ್ಬಳ್ಳಿಯ ತವರಿಗೆ ಬಂದಿರುವ ಮಗಳು ಪ್ರತಿ ವಾಯಿದೆಗೂ, ಅಂದರೆ ಕೋರ್ಟು ಗೊತ್ತುಪಡಿಸಿದ ವಿಚಾರಣೆಯ ದಿನಕ್ಕೂ, ರಾತ್ರಿ ಬಸ್ಸು ಹತ್ತಬೇಕಾಗಿಲ್ಲ, ಹುಬ್ಬಳ್ಳಿಯಲ್ಲೇ ಹಾಕಬಹುದು. ಗಂಡ ಮೊದಲೇ ಬೆಂಗಳೂರಿನಲ್ಲಿ ಹಾಕಿದ್ದರೆ ಪ್ರಕರಣ ವರ್ಗಾಯಿಸುವಂತೆ ಹೈಕೋರ್ಟಿಗೆ ಅರ್ಜಿ, ಬೇರೆ ರಾಜ್ಯದಲ್ಲಿ ಹಾಕಿದ್ದರೆ ಸುಪ್ರೀಂ ಕೋರ್ಟಿಗೆ. ಮಗುವಿನ ಪಾಲಕತ್ವದ ಅರ್ಜಿ ಮಾತ್ರ ಮಗು ಸಾಮಾನ್ಯವಾಗಿ ವಾಸವಿರುವ ಊರಿನಲ್ಲೇ ಆಗಬೇಕು. ಕೌಟುಂಬಿಕ ನ್ಯಾಯಾಲಯವಿಲ್ಲದ ಕಡೆ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟಿನಲ್ಲಿ ವೈವಾಹಿಕ ಅರ್ಜಿ ನಡೆಯುತ್ತದೆ.

ಊರು ನಿರ್ಧಾರವಾದ ಮೇಲೆ ಅದೇ ಊರಿನ ಕೋರ್ಟಿನಲ್ಲಿ ದಿನಾ ಇರುವ ವಕೀಲರನ್ನು ಹುಡುಕಿ. ದೊಡ್ಡ ಹೆಸರಿನವರನ್ನು ದೂರದಿಂದ ಕರೆತಂದರೆ ವಾಯಿದೆಗೆ ಬರುವವರು ಜೂನಿಯರ್, ಕೇಳುವುದು ಮತ್ತೊಂದು ವಾಯಿದೆ.

ಹಂತ 2: ದಿನಾಂಕಪಟ್ಟಿ ಮತ್ತು ಕಾಗದಪತ್ರ

ವಕೀಲರ ಕಚೇರಿಯಲ್ಲಿ ಎರಡು ಗಂಟೆ ಮಾತಾಡುವುದಕ್ಕಿಂತ ಎರಡು ಪುಟದ ದಿನಾಂಕಪಟ್ಟಿ ಹೆಚ್ಚು ಕೆಲಸ ಮಾಡುತ್ತದೆ. ಮದುವೆಯ ದಿನ, ಸ್ಥಳ, ಎಲ್ಲೆಲ್ಲಿ ಸಂಸಾರ ಹೂಡಿದಿರಿ, ಮಕ್ಕಳು ಹುಟ್ಟಿದ ದಿನ, ಜಗಳ ದೊಡ್ಡದಾದ ಘಟನೆಗಳು, ಹಿರಿಯರ ಪಂಚಾಯಿತಿ ನಡೆದ ದಿನ, ಪೊಲೀಸ್ ದೂರು, ಬೇರೆಯಾದ ದಿನ. ಒಂದೊಂದರ ಮುಂದೆ ಅದಕ್ಕೆ ಸಾಕ್ಷಿ ಏನು, ಯಾರಿದ್ದರು ಎಂದು ಬರೆಯಿರಿ. ನಿಮ್ಮ ವಿರುದ್ಧ ಹೋಗುವ ಸಂಗತಿಯನ್ನೂ ಬರೆಯಿರಿ. ನಿಮಗೂ ವಕೀಲರಿಗೂ ನಡುವಿನ ಮಾತಿಗೆ ಕಾನೂನಿನ ರಕ್ಷಣೆಯಿದೆ, ನಿಮ್ಮ ಒಪ್ಪಿಗೆಯಿಲ್ಲದೆ ಅವರು ಅದನ್ನು ಹೊರಗೆ ಹೇಳುವಂತಿಲ್ಲ. ಮುಚ್ಚಿಟ್ಟದ್ದು ಪಾಟೀ ಸವಾಲಿನಲ್ಲಿ, ಅಂದರೆ ಎದುರು ಪಕ್ಷದ ವಕೀಲರು ನಿಮ್ಮನ್ನು ಪ್ರಶ್ನಿಸುವಾಗ, ಹೊರಬಂದರೆ ಕೈಹಿಡಿಯುವವರು ಯಾರೂ ಇರುವುದಿಲ್ಲ.

ಜೊತೆಗೆ ಬೇಕಾದ್ದು: ಲಗ್ನಪತ್ರಿಕೆ, ಮದುವೆಯ ಫೋಟೋ, ನೋಂದಣಿ ಪ್ರಮಾಣಪತ್ರವಿದ್ದರೆ ಅದು, ಇಬ್ಬರ ವಿಳಾಸದ ದಾಖಲೆ, ಮಕ್ಕಳ ಜನನ ಪ್ರಮಾಣಪತ್ರ ಮತ್ತು ಶಾಲೆಯ ಶುಲ್ಕದ ರಸೀದಿ, ವೈದ್ಯಕೀಯ ಚೀಟಿಗಳು, ಒಡವೆಯ ಬಿಲ್ಲು ಅಥವಾ ಒಡವೆ ಕಾಣುವ ಫೋಟೋ, ಈಗಾಗಲೇ ಬಂದ ನೋಟಿಸು. ಜೀವನಾಂಶದ ವಿಷಯವಿದ್ದರೆ ಮೂರು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟು, ಸಂಬಳದ ಚೀಟಿ, ಆದಾಯ ತೆರಿಗೆ ರಿಟರ್ನು, ಸಾಲದ ವಿವರ. ಕಾರಣವಿದೆ: ಸುಪ್ರೀಂ ಕೋರ್ಟಿನ 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನ ನಂತರ ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಆಸ್ತಿ, ಆದಾಯ, ಹೊಣೆಗಳ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಲೇಬೇಕು. ಅದರಲ್ಲಿ ತಿಂಗಳ ಖರ್ಚು ಬಾಡಿಗೆ, ದಿನಸಿ, ಔಷಧಿ, ಶಾಲೆ ಎಂದು ಬಿಡಿಬಿಡಿಯಾಗಿ ತುಂಬಬೇಕು. “ಸುಮಾರು ಮೂವತ್ತು ಸಾವಿರ ಬೇಕು” ಎಂದು ಒಂದೇ ಸಾಲು ಬರೆದವರಿಗೆ ಕೇಳಿದಷ್ಟು ಸಿಗುವುದು ಕಷ್ಟ. ಸುಳ್ಳು ತುಂಬಿದರೆ ಶಿಕ್ಷೆಗೂ ದಾರಿಯಾಗುತ್ತದೆ.

ವಾಟ್ಸಾಪ್ ಸಂದೇಶ, ಧ್ವನಿಮುದ್ರಣಗಳ ನಕಲು ಇಲ್ಲವೇ ಸ್ಕ್ರೀನ್‌ಶಾಟ್ ತೆಗೆದು ಮೂಲವನ್ನು ಅಳಿಸಿಬಿಡುವುದು ದೊಡ್ಡ ತಪ್ಪು. ವಿದ್ಯುನ್ಮಾನ ಸಾಕ್ಷ್ಯಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು, ಹಳೆಯ ಕಾಯ್ದೆಯಲ್ಲಿ ಇದು 65ಬಿ. ಸಂದೇಶ ಬಂದ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ಸಂಗಾತಿಯ ಫೋನು ಅಥವಾ ಇಮೇಲ್‌ಗೆ ಕದ್ದು ನುಗ್ಗುವುದಕ್ಕೂ ಹೋಗಬೇಡಿ, ಅದು ಬೇರೆಯದೇ ಪ್ರಕರಣವಾಗಿ ನಿಮ್ಮ ಮೇಲೆ ತಿರುಗಬಹುದು.

ಹಂತ 3: ಹೆಸರುಗಳನ್ನು ಕಲೆಹಾಕಿ, ಪರಿಶೀಲಿಸಿ

ಮೂರು ಹೆಸರು ಸಾಕು. ಇಂಥದೇ ಪ್ರಕರಣ ಮುಗಿಸಿಕೊಂಡ ಪರಿಚಿತರನ್ನು ಕೇಳಿ, ಸಿವಿಲ್ ಅಥವಾ ಕ್ರಿಮಿನಲ್ ಕೆಲಸ ಮಾಡುವ ಪರಿಚಯದ ವಕೀಲರಿದ್ದರೆ “ನಿಮ್ಮ ಅಕ್ಕತಂಗಿಯರಿಗೆ ಇಂಥ ಸಮಸ್ಯೆ ಬಂದರೆ ಯಾರ ಹತ್ತಿರ ಕಳಿಸುತ್ತೀರಿ” ಎಂದು ಕೇಳಿ. ಜಾಹೀರಾತಿನ ಮಾತಿಗೆ ಬೆಲೆ ಕೊಡಬೇಡಿ. ವಕೀಲರು ಜಾಹೀರಾತು ಕೊಟ್ಟು ಕಕ್ಷಿದಾರರನ್ನು ಸೆಳೆಯುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ನಿಷೇಧಿಸಿದೆ. ಕೋರ್ಟಿನ ಗೇಟಿನಲ್ಲಿ “ಯಾವ ಕೇಸು? ಬನ್ನಿ” ಎಂದು ತೋಳು ಹಿಡಿಯುವವರನ್ನು ದಾಟಿ ಮುಂದೆ ಹೋಗಿ.

ಪರಿಶೀಲನೆ ಎರಡು ಬಗೆ. ಮೊದಲನೆಯದು ನೋಂದಣಿ. ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಾಯಿಸಿದವರ ಸಂಖ್ಯೆ ‘ಕೆಎಆರ್’ ಎಂದು ಆರಂಭವಾಗಿ ಕ್ರಮಸಂಖ್ಯೆ, ವರ್ಷದೊಂದಿಗೆ ಮುಗಿಯುತ್ತದೆ. ಕೇಳುವುದಕ್ಕೆ ಸಂಕೋಚ ಬೇಡ, ವಕಾಲತ್ತಿನ ಮೇಲೆ ಅದನ್ನು ಬರೆಯುವುದೇ ರೂಢಿ. ಎರಡನೆಯದು ಇ-ಕೋರ್ಟ್ಸ್ ಆ್ಯಪ್ ಅಥವಾ ಜಾಲತಾಣ. ಅಲ್ಲಿ ಜಿಲ್ಲೆ, ಕೋರ್ಟಿನ ಸಂಕೀರ್ಣ ಆರಿಸಿಕೊಂಡು ವಕೀಲರ ಹೆಸರಿನಿಂದ ಹುಡುಕಬಹುದು. ‘ಎಂ.ಸಿ.’ ಎಂದರೆ ವೈವಾಹಿಕ ಪ್ರಕರಣ. ಅಂಥವು ಅವರ ಹೆಸರಿನಲ್ಲಿ ಕಾಣುತ್ತವೆಯೇ ನೋಡಿ. ಒಂದೂ ಇಲ್ಲದೆ ಎಲ್ಲ ಚೆಕ್ ಬೌನ್ಸ್ ಪ್ರಕರಣಗಳೇ ಇದ್ದರೆ ಯೋಚಿಸಿ.

ಹಣವಿಲ್ಲ ಎಂದು ಕೈಚೆಲ್ಲಬೇಡಿ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರ 12ನೇ ಕಲಮಿನಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ. ಇತರರಿಗೆ ಆದಾಯದ ಮಿತಿಯಿದೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ, ಜಿಲ್ಲಾ ಕೋರ್ಟಿನಲ್ಲಿ ಪ್ರಾಧಿಕಾರದ ಕಚೇರಿ ಇರುತ್ತದೆ. ದೂರವಾಣಿ 15100. ಈ ವಕೀಲರು ನಿಮ್ಮಿಂದ ಹಣ ಕೇಳುವಂತಿಲ್ಲ. ಕೇಳಿದರೆ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೆ ಬರೆದು ತಿಳಿಸಿ, ಬೇರೆಯವರನ್ನು ಕೇಳಿ ಪಡೆಯಬಹುದು. ಗಂಡನಿಗೆ ದುಡಿಮೆಯಿದ್ದು ಹೆಂಡತಿಗೆ ಇಲ್ಲದಿದ್ದರೆ (ಅಥವಾ ತಿರುಗುಮುರುಗಾಗಿದ್ದರೆ) ಹಿಂದೂ ವಿವಾಹ ಕಾಯ್ದೆಯ 24ನೇ ಕಲಮಿನಲ್ಲಿ ವ್ಯಾಜ್ಯದ ಖರ್ಚನ್ನೂ ಎದುರು ಪಕ್ಷದಿಂದ ಕೇಳಬಹುದು.

ಹಂತ 4: ಮೊದಲ ಭೇಟಿ

ಒಬ್ಬರನ್ನೇ ಜೊತೆಗೆ ಕರೆದೊಯ್ಯಿರಿ. ಇಡೀ ಕುಟುಂಬ ಹೋದರೆ ಮಾತಾಡುವವರು ಸೋದರಮಾವ, ಸಹಿ ಹಾಕುವವರು ನೀವು ಎಂಬಂತಾಗುತ್ತದೆ. ದಿನಾಂಕಪಟ್ಟಿ ಕೊಟ್ಟು ಅವರು ಅದನ್ನು ಓದುತ್ತಾರೆಯೇ ಗಮನಿಸಿ. ನಂತರ ಇವನ್ನು ಕೇಳಿ:

1. ನನ್ನ ಪ್ರಕರಣಕ್ಕೆ ಯಾವ ಕಾಯ್ದೆ, ಯಾವ ಕಲಂ, ಯಾವ ಕೋರ್ಟು? ಬೇರೆ ದಾರಿಗಳಿವೆಯೇ?
2. ನನ್ನ ಕಡೆಯ ದುರ್ಬಲ ಅಂಶ ಯಾವುದು?
3. ಮೊದಲ ಆರು ತಿಂಗಳಲ್ಲಿ ಏನೇನು ಸಲ್ಲಿಸುತ್ತೀರಿ?
4. ವಾಯಿದೆಗೆ ನೀವೇ ಬರುತ್ತೀರೋ, ಜೂನಿಯರ್ ಬರುತ್ತಾರೋ? ಪಾಟೀ ಸವಾಲು ಯಾರು ಮಾಡುತ್ತಾರೆ?
5. ಎದುರು ಪಕ್ಷದವರನ್ನು ನೀವು ಹಿಂದೆ ಯಾವಾಗಲಾದರೂ ಪ್ರತಿನಿಧಿಸಿದ್ದೀರಾ, ಸಲಹೆ ಕೊಟ್ಟಿದ್ದೀರಾ?
6. ಅರ್ಜಿಯ ಕರಡನ್ನು ಕನ್ನಡದಲ್ಲಿ ಓದಿ ಹೇಳುತ್ತೀರಾ?

ಎರಡನೇ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. “ನಿಮ್ಮದು ಪಕ್ಕಾ ಕೇಸು, ದುರ್ಬಲವೇನೂ ಇಲ್ಲ” ಎಂಬ ಉತ್ತರ ಬಂದರೆ ಅವರು ಕಾಗದ ಓದಿಲ್ಲ. ಮದುವೆಯಾಗಿ ವರ್ಷ ತುಂಬಿಲ್ಲದಿದ್ದರೆ ಸಾಮಾನ್ಯವಾಗಿ ವಿಚ್ಛೇದನದ ಅರ್ಜಿಯನ್ನೇ ಹಾಕುವಂತಿಲ್ಲ, ಅಸಾಧಾರಣ ಸಂಕಷ್ಟವಿದ್ದರೆ ಅನುಮತಿ ಕೇಳಬೇಕು. ಅದನ್ನು ಹೇಳದೆ “ಮೂರು ತಿಂಗಳಲ್ಲಿ ಮುಗಿಸಿಕೊಡುತ್ತೇನೆ” ಎನ್ನುವವರಿಂದ ದೂರವಿರಿ. ಎದುರು ಪಕ್ಷದವರನ್ನು ಹೆದರಿಸಲೆಂದು ನಡೆಯದ ಘಟನೆ ಸೇರಿಸಿ ಕ್ರಿಮಿನಲ್ ದೂರು ಕೊಡಿ ಎನ್ನುವವರಿಂದ ಇನ್ನೂ ದೂರವಿರಿ. ಕ್ರೌರ್ಯ ನಡೆದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಇದೆ (ಹಳೆಯ ಭಾರತೀಯ ದಂಡ ಸಂಹಿತೆಯ 498ಎ), ದೂರು ಕೊಡುವುದು ನಿಮ್ಮ ಹಕ್ಕು. ಸೇರಿಸಿದ ಸುಳ್ಳು ನಡೆದ ಸತ್ಯವನ್ನೂ ಜೊತೆಗೆ ಮುಳುಗಿಸುತ್ತದೆ.

ಹಂತ 5: ಫೀಸು

ಫೀಸಿನ ಮಾತನ್ನು ಮುಜುಗರವಿಲ್ಲದೆ ಮೊದಲ ದಿನವೇ ಆಡಿ. ಕೆಲವರು ಇಡೀ ಪ್ರಕರಣಕ್ಕೆ ಒಂದು ಮೊತ್ತ ಹೇಳುತ್ತಾರೆ, ಕೆಲವರು ಹಂತಕ್ಕಿಷ್ಟು, ಕೆಲವರು ವಾಯಿದೆಗಿಷ್ಟು. ಎಳೆದಾಡುವ ಪ್ರಕರಣದಲ್ಲಿ ವಾಯಿದೆಯ ಲೆಕ್ಕ ಭಾರವಾಗುತ್ತದೆ. ಅರ್ಜಿ ಸಲ್ಲಿಕೆ, ಮಧ್ಯಂತರ ಆದೇಶ, ಸಾಕ್ಷ್ಯ, ವಾದ ಹೀಗೆ ಹಂತಕ್ಕೆ ಕಟ್ಟಿಕೊಂಡರೆ ಇಬ್ಬರಿಗೂ ಸ್ಪಷ್ಟ. ಮೊತ್ತದಲ್ಲಿ ಏನು ಸೇರಿಲ್ಲ ಎಂಬುದನ್ನು ಕೇಳಿ: ಕೋರ್ಟು ಶುಲ್ಕ, ನೋಟಿಸು ಜಾರಿಯ ಖರ್ಚು, ಟೈಪಿಂಗ್, ದೃಢೀಕೃತ ನಕಲು, ಹೈಕೋರ್ಟಿಗೆ ಹೋಗಬೇಕಾದರೆ ಅದು. ಯುಪಿಐ ಅಥವಾ ಬ್ಯಾಂಕಿನ ಮೂಲಕ ಕೊಟ್ಟು ರಸೀದಿ ಪಡೆಯಿರಿ.

“ಬಂದ ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ನನಗೆ” ಎಂಬ ಒಪ್ಪಂದ ಭಾರತದಲ್ಲಿ ವಕೀಲರಿಗೆ ನಿಷಿದ್ಧ. ಶಾಶ್ವತ ಜೀವನಾಂಶ ದೊಡ್ಡ ಮೊತ್ತವಾಗಿದ್ದಾಗ ಈ ಮಾತು ಬರುವುದುಂಟು, ಒಪ್ಪಬೇಡಿ. ‘ಒಳಗೆ ಕೊಡಬೇಕು’ ಎಂದು ಯಾರಾದರೂ ಹಣ ಕೇಳಿದರೆ ಅದೇ ದಿನ ಆ ಕಚೇರಿ ಬಿಟ್ಟುಬಿಡಿ.

ಹಂತ 6: ವಕಾಲತ್ತು, ಅರ್ಜಿ, ಸಹಿ

ವಕಾಲತ್ತು ಎಂದರೆ ನಿಮ್ಮ ಪರವಾಗಿ ಹಾಜರಾಗಲು ನೀವು ಕೊಡುವ ಅಧಿಕಾರಪತ್ರ. ಅದರಲ್ಲಿ ರಾಜಿ ಮಾಡಿಕೊಳ್ಳುವ, ಅರ್ಜಿ ಹಿಂಪಡೆಯುವ, ಹಣ ಪಡೆಯುವ ಅಧಿಕಾರವೂ ಮುದ್ರಿತವಾಗಿರುತ್ತದೆ. ಹಣವನ್ನು ನೇರ ನಿಮ್ಮ ಖಾತೆಗೇ ಪಡೆಯುವುದಾಗಿ ಹೇಳಿ, ಆ ಸಾಲು ಹೊಡೆಸಿ. ಖಾಲಿ ಹಾಳೆಗೆ, ಖಾಲಿ ಛಾಪಾ ಕಾಗದಕ್ಕೆ ಯಾವ ಕಾರಣಕ್ಕೂ ಸಹಿ ಹಾಕಬೇಡಿ. “ಮುಂದೆ ನೀವು ಮತ್ತೆ ಬರುವುದು ತಪ್ಪುತ್ತದೆ” ಎಂದರೂ ಬೇಡ.

ಅರ್ಜಿಯ ಕೊನೆಯಲ್ಲಿ “ಮೇಲೆ ಹೇಳಿದ್ದೆಲ್ಲ ನನ್ನ ತಿಳಿವಳಿಕೆಗೆ ಬಂದಂತೆ ಸತ್ಯ” ಎಂಬ ಸತ್ಯಾಪನೆ ಇರುತ್ತದೆ. ಅದರ ಕೆಳಗಿನ ಸಹಿ ನಿಮ್ಮದು, ಕಟಕಟೆಯಲ್ಲಿ ನಿಲ್ಲುವವರೂ ನೀವೇ. ಒಂದೊಂದು ಪ್ಯಾರಾ ಓದಿಸಿ ಕೇಳಿ. ನೋಡಬೇಕಾದ್ದು ಇಂಥದು. “ಗಂಡನೂ ಅವನ ಮನೆಯವರೂ ದಿನನಿತ್ಯ ಮಾನಸಿಕ ಹಾಗೂ ದೈಹಿಕ ಹಿಂಸೆ ನೀಡುತ್ತಿದ್ದರು” ಎಂದಷ್ಟೇ ಇದ್ದರೆ ಅದು ಯಾರ ಅರ್ಜಿಗಾದರೂ ಅಂಟಿಸಬಹುದಾದ ಸಾಲು. ಯಾವ ದಿನ, ಯಾವ ಮನೆಯಲ್ಲಿ, ಯಾರು, ಏನು ಮಾಡಿದರು, ನಂತರ ನೀವು ಯಾರಿಗೆ ಹೇಳಿದಿರಿ, ಯಾವ ಆಸ್ಪತ್ರೆಗೆ ಹೋದಿರಿ, ಇಷ್ಟು ಇದ್ದರೆ ಅದು ನಿಮ್ಮ ಅರ್ಜಿ. ಅರ್ಜಿಯಲ್ಲಿ ಇಲ್ಲದ ಘಟನೆಯನ್ನು ಸಾಕ್ಷ್ಯದ ಹೊತ್ತಿಗೆ ಹೊಸದಾಗಿ ಹೇಳಿದರೆ ಬೆಲೆ ಇರುವುದಿಲ್ಲ. ಎಷ್ಟೋ ಪ್ರಕರಣ ಸೊರಗುವುದು ಇಲ್ಲಿಯೇ.

ನೀವು ಎದುರುದಾರರಾಗಿದ್ದರೆ ಗಡಿಯಾರ ಬೇಗ ಓಡುತ್ತದೆ. ಸಮನ್ಸ್ ತಲುಪಿದ 30 ದಿನಗಳಲ್ಲಿ ತಕರಾರು, ಅಂದರೆ ಲಿಖಿತ ಹೇಳಿಕೆ ಸಲ್ಲಿಸಬೇಕು. ಕಾರಣ ತೋರಿಸಿದರೆ 90 ದಿನಗಳವರೆಗೆ ಕೋರ್ಟು ಅವಕಾಶ ಕೊಡಬಹುದು. ಸಮನ್ಸ್ ತೆಗೆದುಕೊಳ್ಳದೆ ವಾಪಸು ಕಳಿಸಿದರೆ ಪ್ರಕರಣ ನಿಲ್ಲುತ್ತದೆ ಎಂಬ ನಂಬಿಕೆ ಹಳ್ಳಿಯಲ್ಲೂ ಇದೆ, ಪೇಟೆಯಲ್ಲೂ ಇದೆ. ನಿಲ್ಲುವುದಿಲ್ಲ. ನೀವಿಲ್ಲದೆಯೇ ಏಕಪಕ್ಷೀಯ ತೀರ್ಪು ಬರುತ್ತದೆ, ಅದನ್ನು ರದ್ದುಪಡಿಸಲು ಮತ್ತೆ 30 ದಿನಗಳ ಗಡುವು.

ಹಂತ 7: ಪರಸ್ಪರ ಒಪ್ಪಿಗೆಯಾದರೆ ಷರತ್ತುಗಳು

“ಇಬ್ಬರೂ ಒಪ್ಪಿದ್ದೇವೆ, ವಕೀಲರು ಫಾರ್ಮ್ ತುಂಬಿದರೆ ಸಾಕು” ಎನ್ನುವವರಿಗೇ ಈ ಭಾಗವನ್ನು ಸ್ವಲ್ಪ ದೀರ್ಘವಾಗಿ ಬರೆದಿದ್ದೇವೆ. ಆಮೇಲೆ ಹೆಚ್ಚು ತೊಂದರೆಯಾಗುವುದು ಅವಸರದಲ್ಲಿ ಬರೆದ ರಾಜಿಯಿಂದ.

ಹಿಂದೂ ವಿವಾಹ ಕಾಯ್ದೆಯ 13ಬಿ ಪ್ರಕಾರ ಕನಿಷ್ಠ ಒಂದು ವರ್ಷ ಬೇರೆಯಾಗಿದ್ದಿರಬೇಕು. ಜಂಟಿ ಅರ್ಜಿ ಹಾಕಿದ 6 ತಿಂಗಳ ನಂತರ, 18 ತಿಂಗಳೊಳಗೆ ಎರಡನೇ ಬಾರಿ ಬಂದು ಒಪ್ಪಿಗೆ ದೃಢಪಡಿಸಬೇಕು. ರಾಜಿಯ ದಾರಿಯೆಲ್ಲ ಮುಗಿದು, ಜೀವನಾಂಶ, ಮಕ್ಕಳ ವಿಷಯ ಇತ್ಯರ್ಥವಾಗಿದ್ದರೆ ಈ 6 ತಿಂಗಳ ಕಾಯುವಿಕೆಯನ್ನು ಕೋರ್ಟು ಮನ್ನಾ ಮಾಡಬಹುದೆಂದು ಸುಪ್ರೀಂ ಕೋರ್ಟಿನ 2017ರ ಅಮರದೀಪ್ ಸಿಂಗ್ ತೀರ್ಪು ಹೇಳಿದೆ. ಅದು ತಾನಾಗಿ ಸಿಗದು, ಅರ್ಜಿ ಹಾಕಬೇಕು. ಡಿಕ್ರಿ, ಅಂದರೆ ಕೋರ್ಟಿನ ಅಂತಿಮ ಆದೇಶ ಆಗುವ ಮುನ್ನ ಇಬ್ಬರಲ್ಲಿ ಒಬ್ಬರು ಒಪ್ಪಿಗೆ ಹಿಂಪಡೆಯಬಹುದು. ಆದ್ದರಿಂದ ಹಣವನ್ನೆಲ್ಲ ಮೊದಲೇ ಕೊಡುವುದೂ, ಪ್ರಕರಣಗಳನ್ನೆಲ್ಲ ಮೊದಲೇ ಹಿಂಪಡೆಯುವುದೂ ಜಾಣತನವಲ್ಲ. ಒಂದು ಪಾಲು ಅರ್ಜಿ ಹಾಕುವಾಗ, ಉಳಿದದ್ದು ಎರಡನೇ ಹಾಜರಿಯಂದು ನ್ಯಾಯಾಧೀಶರ ಮುಂದೆ ಡಿ.ಡಿ. ಮೂಲಕ, ಡಿ.ಡಿ.ಯ ಸಂಖ್ಯೆ ದಾಖಲಾಗುವಂತೆ ಬರೆಸಿ.

ಜಂಟಿ ಅರ್ಜಿಗೆ ಒಬ್ಬರೇ ವಕೀಲರು ಸಾಕೆಂದು ಹೇಳುವುದುಂಟು. ಖರ್ಚು ಉಳಿಯುತ್ತದೆ ನಿಜ, ಆದರೆ ಅವರನ್ನು ಗೊತ್ತು ಮಾಡಿದವರು ಯಾರು ಎಂಬುದನ್ನು ಮರೆಯಬೇಡಿ. ಷರತ್ತುಗಳನ್ನು ನಿಮ್ಮದೇ ಆದ ಬೇರೊಬ್ಬ ವಕೀಲರಿಗೆ ಒಮ್ಮೆಯಾದರೂ ತೋರಿಸಿ.

ಮಗುವಿನ ಷರತ್ತನ್ನು ಹತ್ತಿರದಿಂದ ನೋಡಿ. “ತಂದೆಯು ಪ್ರತಿ ಭಾನುವಾರ ಮಗುವನ್ನು ಭೇಟಿಯಾಗಬಹುದು.” ಓದಲು ಸರಿಯಾಗಿಯೇ ಇದೆ. ಎಷ್ಟು ಗಂಟೆಯಿಂದ ಎಷ್ಟು ಗಂಟೆಗೆ? ಎಲ್ಲಿ? ಕರೆತರುವವರು, ವಾಪಸು ಬಿಡುವವರು ಯಾರು? ಮಗುವಿಗೆ ಜ್ವರ ಬಂದರೆ ಆ ಭಾನುವಾರದ ಬದಲು ಯಾವ ದಿನ? ದಸರಾ ರಜೆ, ಬೇಸಿಗೆ ರಜೆ ಹೇಗೆ ಹಂಚಿಕೆ? ವಾರದ ನಡುವೆ ಫೋನು ಮಾಡಬಹುದೇ? ತಾಯಿಗೆ ಬೇರೆ ಊರಿಗೆ ವರ್ಗವಾದರೆ? ಶಾಲೆಯ ಶುಲ್ಕ, ಪಾಸ್‌ಪೋರ್ಟಿನ ಸಹಿ? ಇಷ್ಟಕ್ಕೂ ಉತ್ತರ ಕಾಗದದಲ್ಲಿಲ್ಲದಿದ್ದರೆ ಒಂದೊಂದೂ ಒಂದೊಂದು ಜಗಳ, ನಡುವೆ ಸಿಕ್ಕಿಹಾಕಿಕೊಳ್ಳುವುದು ಮಗು. ಮಗುವಿನ ಜೀವನಾಂಶ ಮಗುವಿನ ಹಕ್ಕು, ಅದನ್ನು ತಾಯಿ “ನನಗೇನೂ ಬೇಡ” ಎಂಬ ಸಾಲಿನಲ್ಲಿ ಬಿಟ್ಟುಕೊಡುವಂತಿಲ್ಲ.

ಒಡವೆ ಮತ್ತು ಸಾಮಾನುಗಳ ಪಟ್ಟಿ, ಜಂಟಿ ಗೃಹಸಾಲ, ಬ್ಯಾಂಕ್ ಲಾಕರು, ವಿಮೆಯ ನಾಮಿನಿ ಇವೂ ಬರಲಿ. ಕ್ರೌರ್ಯದ ಕ್ರಿಮಿನಲ್ ಪ್ರಕರಣವಿದ್ದರೆ ದೂರುದಾರರು ಠಾಣೆಗೆ ಹೋಗಿ ‘ವಾಪಸು ತೆಗೆದುಕೊಂಡೆ’ ಎಂದರೆ ಮುಗಿಯದು. ಹೈಕೋರ್ಟಿನಲ್ಲಿ ರದ್ದು ಮಾಡಿಸಬೇಕು. ಅದಕ್ಕೆ ಸಹಕರಿಸುವ ಷರತ್ತು, ಗಡುವಿನ ಸಮೇತ, ರಾಜಿಯಲ್ಲಿರಬೇಕು.

ಎಚ್ಚರಿಕೆ: ಛಾಪಾ ಕಾಗದದ ಮೇಲೆ ಬರೆದು ನೋಟರಿ ಮಾಡಿಸಿದ, ಹಿರಿಯರು ಸಹಿ ಹಾಕಿದ ‘ವಿಚ್ಛೇದನ ಪತ್ರ’ ವಿಚ್ಛೇದನವಲ್ಲ. ಕೆಲವು ಸಮುದಾಯಗಳ ಸಾಂಪ್ರದಾಯಿಕ ವಿಚ್ಛೇದನಕ್ಕೆ ಕಾಯ್ದೆಯಲ್ಲಿ ಮನ್ನಣೆಯಿದ್ದರೂ ಆ ಪದ್ಧತಿಯನ್ನು ಕೋರ್ಟಿನಲ್ಲಿ ಸಾಬೀತುಪಡಿಸಬೇಕಾಗುತ್ತದೆ. ಬರೀ ಪತ್ರ ನಂಬಿ ಮರುಮದುವೆಯಾದರೆ ದ್ವಿಪತ್ನಿತ್ವದ ಆರೋಪ ಬರಬಹುದು, ಎರಡನೇ ಮದುವೆಯೂ ಅಸಿಂಧುವಾಗಬಹುದು.

ಹಂತ 8: ಪ್ರಕರಣ ನಡೆಯುವಾಗ

ಅರ್ಜಿ ದಾಖಲಾದ ಕೂಡಲೇ ಪ್ರಕರಣವನ್ನು ಗುರುತಿಸುವ 16 ಅಂಕಿ-ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಪಡೆಯಿರಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಮುಂದಿನ ವಾಯಿದೆ, ಅಂದು ನಡೆದದ್ದು ಕಾಣುತ್ತದೆ. ವಕೀಲರು ಹೇಳಿದ್ದಕ್ಕೂ ಅಲ್ಲಿ ಇರುವುದಕ್ಕೂ ತಾಳೆ ನೋಡಿ. ಸಲ್ಲಿಸಿದ ಪ್ರತಿಯೊಂದು ಕಾಗದದ ಪ್ರತಿ ನಿಮ್ಮ ಹತ್ತಿರ ಒಂದು ಫೈಲಿನಲ್ಲಿರಲಿ, ಮೂಲ ದಾಖಲೆಗಳನ್ನು ಸ್ವೀಕೃತಿ ಇಲ್ಲದೆ ಕೊಡಬೇಡಿ. ಜೀವನಾಂಶದ ಆದೇಶವಾಗಿ ಹಣ ಬರದಿದ್ದರೆ ಸುಮ್ಮನೆ ಕಾಯಬೇಡಿ. 144ನೇ ಕಲಮಿನಡಿ ವಾರಂಟಿನ ಮೂಲಕ ಬಾಕಿ ವಸೂಲಿ ಕೇಳುವ ಅರ್ಜಿಗೆ ಬಾಕಿ ಬಿದ್ದ ದಿನದಿಂದ ಒಂದು ವರ್ಷದ ಮಿತಿಯಿದೆ.

ಕೋರ್ಟು ಸಂಧಾನಕ್ಕೆ ಕಳಿಸಿದರೆ (ಬೆಂಗಳೂರಿನಲ್ಲಿ ನ್ಯಾಯದೇಗುಲ ಕಟ್ಟಡದ ಮಧ್ಯಸ್ಥಿಕೆ ಕೇಂದ್ರಕ್ಕೆ) ಹೋಗಿ, ತೆರೆದ ಮನಸ್ಸಿನಿಂದ ಮಾತಾಡಿ. ಅಲ್ಲಿ ಆಡಿದ ಮಾತು ಸಾಕ್ಷ್ಯವಾಗುವುದಿಲ್ಲ. ಆದರೆ ಅಂದೇ ಸಹಿ ಹಾಕಬೇಕೆಂಬ ಒತ್ತಾಯವಿಲ್ಲ, ಒಂದು ವಾರ ಕೇಳಿ.

ವಕೀಲರು ಫೋನು ಎತ್ತದಿರುವುದು ಬದಲಾಯಿಸಲು ಸಾಲುವ ಕಾರಣವಲ್ಲ, ಕೋರ್ಟಿನ ಹೊತ್ತಿನಲ್ಲಿ ಯಾರೂ ಎತ್ತಲಾರರು. ಸತತ ಗೈರು, ಗಡುವು ತಪ್ಪುವುದು, ನಿಮ್ಮನ್ನು ಕೇಳದೆ ಕೋರ್ಟಿಗೆ ಮೆಮೊ, ಅಂದರೆ ಲಿಖಿತ ಟಿಪ್ಪಣಿ ಹಾಕುವುದು ಇವು ಕಾರಣಗಳು. ಬದಲಾಯಿಸುವಾಗ ಹಳೆಯ ವಕೀಲರಿಂದ ‘ಎನ್‌ಒಸಿ’, ಅಂದರೆ ಆಕ್ಷೇಪವಿಲ್ಲವೆಂಬ ಒಪ್ಪಿಗೆ ಪಡೆಯಬೇಕು. ಕೊಡದಿದ್ದರೆ ನ್ಯಾಯಾಲಯದ ಅನುಮತಿ ಕೇಳಬಹುದು. ಫೀಸು ಬಾಕಿಯಿದೆ ಎಂದು ನಿಮ್ಮ ಫೈಲನ್ನು ತಡೆಹಿಡಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟು 2000ದಲ್ಲೇ ಹೇಳಿದೆ. ದುರ್ನಡತೆಯ ದೂರು ಹೋಗಬೇಕಾದ್ದು ರಾಜ್ಯ ವಕೀಲರ ಪರಿಷತ್ತಿಗೆ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ಒಳಪಡುವುದಿಲ್ಲವೆಂದು 2024ರ ಮೇ ತಿಂಗಳಲ್ಲಿ ತೀರ್ಪಾಗಿದೆ, ಹಾಗಾಗಿ ಗ್ರಾಹಕ ಆಯೋಗಕ್ಕೆ ಅಲೆಯಬೇಡಿ.

ಹೊರದೇಶದಲ್ಲಿರುವವರಿಗೆ

ಇಲ್ಲಿ ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾಗಿ ಅಲ್ಲಿನ ಕೋರ್ಟಿನಲ್ಲಿ ಪಡೆದ ಡಿಕ್ರಿ ಇಲ್ಲಿ ತಾನಾಗಿ ನಡೆಯದು. ಸುಪ್ರೀಂ ಕೋರ್ಟಿನ 1991ರ ನರಸಿಂಹ ರಾವ್ ತೀರ್ಪಿನಂತೆ, ಇಲ್ಲಿನ ಕಾಯ್ದೆ ಒಪ್ಪುವ ಕಾರಣಕ್ಕಾಗಿಯೇ ಆ ವಿಚ್ಛೇದನ ಆಗಿರಬೇಕು, ಎದುರುದಾರರು ಆ ಕೋರ್ಟಿಗೆ ಸ್ವಇಚ್ಛೆಯಿಂದ ಒಳಪಟ್ಟಿರಬೇಕು ಅಥವಾ ಇಬ್ಬರೂ ಅಲ್ಲಿನ ಡಿಕ್ರಿಗೆ ಒಪ್ಪಿರಬೇಕು. ಇಲ್ಲಿ ಅರ್ಜಿ ನಡೆಸಲು ತಂದೆತಾಯಿಗೆ ಮುಕ್ತಿಯಾರುನಾಮೆ, ಅಂದರೆ ಜಿ.ಪಿ.ಎ. ಕೊಡುವುದಾದರೆ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ಕಳಿಸಿ. ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಬೇಕು. ಮಗುವನ್ನು ಒಬ್ಬರು ಇನ್ನೊಬ್ಬರಿಗೆ ಹೇಳದೆ ಕರೆತಂದ ಪ್ರಕರಣವಾದರೆ ಎರಡೂ ದೇಶಗಳ ವಕೀಲರು ಒಟ್ಟಿಗೆ ಬೇಕು. ಮಕ್ಕಳ ಅಪಹರಣ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ, ಹಾಗಾಗಿ ತೀರ್ಮಾನ ಮಗುವಿನ ಹಿತದ ಮೇಲೆ, ಇಲ್ಲಿನ ಕೋರ್ಟಿನಲ್ಲೇ ಆಗುತ್ತದೆ.

ಡಿಕ್ರಿ ಬಂದ ಮೇಲೆ

ವಕೀಲರ ಕೆಲಸ ತೀರ್ಪಿನ ದಿನಕ್ಕೆ ಮುಗಿಯುವುದಿಲ್ಲ. ತೀರ್ಪು ಮತ್ತು ಡಿಕ್ರಿ ಎರಡರ ದೃಢೀಕೃತ ನಕಲಿಗೆ ಅದೇ ವಾರ ಅರ್ಜಿ ಹಾಕಿಸಿ, ಎರಡೆರಡು ಪ್ರತಿ ತೆಗೆದಿಡಿ. ಮೇಲ್ಮನವಿಗೆ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯಲ್ಲಿ 30 ದಿನ, ಹಿಂದೂ ವಿವಾಹ ಕಾಯ್ದೆಯಲ್ಲಿ 90 ದಿನ ಎಂದಿದೆ. ಮೇಲ್ಮನವಿ ಹಾಕುವವರು 30 ದಿನವನ್ನೇ ಗಡುವೆಂದು ಹಿಡಿಯಿರಿ, ಮರುಮದುವೆಯಾಗುವವರು 90 ದಿನ ಕಾಯಿರಿ. ಆಮೇಲೆ ಮೇಲ್ಮನವಿ ದಾಖಲಾಗಿಲ್ಲವೆಂದು ನಿಮ್ಮ ಜಿಲ್ಲೆಗೆ ಸೇರಿದ ಹೈಕೋರ್ಟ್ ಪೀಠದಲ್ಲಿ, ಅದು ಬೆಂಗಳೂರಿರಲಿ, ಧಾರವಾಡವಿರಲಿ, ಕಲಬುರಗಿಯಿರಲಿ, ವಕೀಲರಿಂದಲೇ ಪರಿಶೀಲಿಸಿಕೊಂಡು ಮುಂದುವರಿಯಿರಿ.